ಗ್ರಹಚಾರವಲ್ಲ, ಗ್ರಹಗಳ ವಿಚಾರ!

ಸಾರಿನಪುಡಿ, ಸಂಡಿಗೆ ಅಂತ ಬರೆಯಬೇಕಾದ ಹೆಂಗಸು ಈ ಸಲ ಆಕಾಶಕ್ಕೆ ಏಣಿ ಹಾಕಿದ್ದಾಳಲ್ಲ ಎಂದು ಹುಬ್ಬೇರಿಸಬೇಡಿ, ಸೋದರಿಯರೇ. ಗ್ರಹಗಳಿಗೂ ನಮಗೂ ಇರುವ ನಂಟು ಇಂದು ನಿನ್ನೆಯದಲ್ಲ. ಮನೆಯಲ್ಲಿ ಹೆಣ್ಣುಮಗು ಹುಟ್ಟಿದ ಗಳಿಗೆಯಲ್ಲೇ ಒಂಬತ್ತು ಗ್ರಹಗಳೂ ಬಂದು ಪಡಸಾಲೆಯಲ್ಲಿ ಕೂತುಬಿಡುತ್ತವೆ. ಅವು ಎದ್ದು ಹೋಗುವುದು ಅವಳ ಮದುವೆ ಆದಮೇಲೆಯೇ!

ನನ್ನದೇ ಕತೆ ಹೇಳುತ್ತೇನೆ. ಇಪ್ಪತ್ತನಾಲ್ಕು ವರ್ಷದ ಹಿಂದೆ ನನಗೊಂದು ಒಳ್ಳೆಯ ಸಂಬಂಧ ಕೂಡಿಬಂದಿತ್ತು. ಹುಡುಗ ಒಪ್ಪಿದ್ದ, ಮನೆಯವರು ಒಪ್ಪಿದ್ದರು, ನಮ್ಮವ್ವ ತಾಂಬೂಲದ ತಟ್ಟೆಯನ್ನೂ ಬೆಳಗಿಟ್ಟಿದ್ದಳು. ಕೊನೆಗೆ ಜಾತಕ ತೋರಿಸಿದರೆ ಎಂಟನೆಯ ಮನೆಯಲ್ಲಿ ಕುಜ! "ಹುಡುಗಿಗೆ ದೋಷ ಇದೆಯಂತೆ, ಬೇಜಾರು ಮಾಡ್ಕೋಬೇಡಿ" ಎಂದು ಹೇಳಿಕಳಿಸಿದರು. ಆಮೇಲೆ ಇನ್ನೂ ಎರಡು ಸಂಬಂಧ ಹಾಗೇ ತಪ್ಪಿದವು. ಕಡೆಗೆ ನಮ್ಮ ಯಜಮಾನರ ಜಾತಕದಲ್ಲೂ ಕುಜನೇ ಕೂತಿದ್ದರಿಂದ, ದೋಷಕ್ಕೆ ದೋಷ ವಜಾ ಆಗಿ, ನಾನು ಸರಗೂರಿನ ಸೊಸೆಯಾದೆ. (ನಮ್ಮಿಬ್ಬರ ಜಗಳ ನೋಡಿದವರು ಪೂರ್ತಿ ವಜಾ ಆಗಿಲ್ಲ ಅನ್ನುತ್ತಾರೆ, ಆ ಮಾತು ಬೇರೆ!)

ಈಗ ಅದೇ ಕುಜ ನನ್ನ ಮಗಳ ಬಾಗಿಲಿಗೆ ಬಂದಿದ್ದಾನೆ. ಅವಳು ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಭೌತಶಾಸ್ತ್ರ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿದಳು. ಮುಂದೆ ಎಂ.ಎಸ್ಸಿ. ಓದಬೇಕು, ಆಕಾಶದ ವಿಷಯದಲ್ಲೇ ಏನಾದರೂ ಮಾಡಬೇಕು ಅಂತ ಆಸೆ. ಅಷ್ಟರಲ್ಲಿ ಒಂದು ಸಂಬಂಧ ಬಂತು, ಜಾತಕ ಹೊರಗೆ ಬಂತು. "ಏಳರಲ್ಲಿ ಕುಜ. ತಡ ಮಾಡಿದರೆ ಕಷ್ಟ. ಈ ವರ್ಷವೇ ಶಾಂತಿ ಮಾಡಿಸಿ ಮುಗಿಸಿಬಿಡಿ" ಎಂಬ ಮಾತಾಯಿತು. ಅತ್ತೆಯವರು ಹೆದರಿದರು. ಯಜಮಾನರು ಸುಮ್ಮನಾದರು. ಮಗಳು ಮಾತ್ರ ನಕ್ಕಳು. ಆದರೆ ಆ ನಗುವಿನಲ್ಲೂ ಅವಳ ಮುಖ ಒಂದು ಕೂದಲೆಳೆಯಷ್ಟು ಮಂಕಾದದ್ದು ಹೆತ್ತವಳ ಕಣ್ಣಿಗೆ ತಪ್ಪೀತೇ?

ಅವತ್ತು ರಾತ್ರಿ ಕರೆಂಟು ಹೋಯಿತು. ಸೆಕೆ ತಡೆಯಲಾರದೆ ಇಬ್ಬರೂ ತಾರಸಿಗೆ ಹತ್ತಿದೆವು. ನಮ್ಮದು ಕಪಿಲಾ ಹೊಳೆಯ ದಡದ ಊರು. ಆಚೆ ಹೋದರೆ ಕಾಡು. ಕರೆಂಟು ಹೋಯಿತೆಂದರೆ ಆಕಾಶದ ತುಂಬ ಅರಳು ಚೆಲ್ಲಿದ ಹಾಗೆ ನಕ್ಷತ್ರ.

"ಅಮ್ಮ, ನೀನು ಒಂದು ಕುಜನಿಗೆ ಇಷ್ಟು ಹೆದರ್ತೀಯ. ಅಲ್ಲಿ ಆರು ಸಾವಿರ ಗ್ರಹ ಕಂಡುಹಿಡಿದಿದ್ದಾರೆ, ಗೊತ್ತಾ?" ಅಂದಳು.

"ಆರು ಸಾವಿರವಾ! ಯಾರ ಜಾತಕದಲ್ಲಿ ಹಿಡಿಸ್ತವೇ ಅವೆಲ್ಲ?" ಅಂದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಜಸ್ಟ್ ಪಾಸು ಅಂಕ ತೆಗೆದವಳು ನಾನು. ಆದರೂ ಅವತ್ತಿನಿಂದ ಅವಳ ಹಿಂದೆ ಬಿದ್ದೆ. ಅವಳು ಹೇಳಿದ್ದು, ಅವಳ ಪುಸ್ತಕಗಳಲ್ಲಿ ಓದಿದ್ದು, ಬೆಂಗಳೂರಿನ ತಾರಾಲಯಕ್ಕೆ ಹೋಗಿ ನೋಡಿದ್ದು ಎಲ್ಲವನ್ನೂ ಸೇರಿಸಿ, ನಮ್ಮ ಅಡುಗೆಮನೆಯ ಭಾಷೆಯಲ್ಲಿ ಇಲ್ಲಿ ಬಡಿಸಿದ್ದೇನೆ.

ಬೇರೆ ಸೂರ್ಯ, ಬೇರೆ ಸಂಸಾರ

ನಮ್ಮ ಸೂರ್ಯನಿಗೆ ಎಂಟು ಗ್ರಹಗಳ ಸಂಸಾರ. ರಾತ್ರಿ ಕಾಣುವ ಒಂದೊಂದು ನಕ್ಷತ್ರವೂ ಒಬ್ಬೊಬ್ಬ ಸೂರ್ಯನೇ. ಹಾಗಾದರೆ ಅವರಿಗೂ ಸಂಸಾರ ಇರಬೇಕಲ್ಲ? ಇರಬಹುದು ಎಂದು ಬಹಳ ಕಾಲದಿಂದ ಊಹೆ ಮಾಡಿದ್ದರೇ ಹೊರತು ಕಂಡವರಿಲ್ಲ. ಸೂರ್ಯನಂಥ ನಕ್ಷತ್ರವೊಂದಕ್ಕೆ ಗ್ರಹ ಇರುವುದು ಗೊತ್ತಾದದ್ದು 1995ರಲ್ಲಿ. ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋ ಎಂಬ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಫ್ರಾನ್ಸ್ ದೇಶದ ಒಂದು ಗುಡ್ಡದ ಮೇಲಿನ ದೂರದರ್ಶಕದಿಂದ, ಸುಮಾರು 50 ಜ್ಯೋತಿರ್ವರ್ಷ ದೂರದ 51 ಪೆಗಾಸಿ ಎಂಬ ನಕ್ಷತ್ರದ ಬಳಿ ಅದನ್ನು ಪತ್ತೆ ಮಾಡಿದರು. ಅದಕ್ಕೆ 2019ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಇಂಥವನ್ನು ಕನ್ನಡದಲ್ಲಿ ಬಾಹ್ಯಗ್ರಹ ಎನ್ನುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಅವುಗಳ ಲೆಕ್ಕ 6000 ಮುಟ್ಟಿತು.

ಇದರಲ್ಲಿ ಬಹಳಷ್ಟನ್ನು ಆಕಾಶಕ್ಕೆ ಹಾರಿಸಿದ ದೂರದರ್ಶಕಗಳು ಕಂಡಿವೆ, ನಿಜ. ಆದರೆ ಕಂಡದ್ದು ಗ್ರಹವೇ ಹೌದೋ ಅಲ್ಲವೋ, ಅದರ ತೂಕವೆಷ್ಟು ಎಂದು ಖಾತ್ರಿ ಮಾಡಿಕೊಳ್ಳಲು ನೆಲದ ಮೇಲಿನ ದೂರದರ್ಶಕಗಳೇ ಬೇಕು. ಹೆಣ್ಣು ನೋಡಿ ಹೋಗುವವರು ಒಬ್ಬರು, ಊರೊಳಗೆ ವಿಚಾರಿಸುವವರು ಇನ್ನೊಬ್ಬರು ಇದ್ದ ಹಾಗೆ!

ದೀಪ ಮಂಕಾದಾಗ

ಗ್ರಹಕ್ಕೆ ಸ್ವಂತ ಬೆಳಕಿಲ್ಲ. ಪಕ್ಕದಲ್ಲಿ ಧಗಧಗ ಉರಿಯುವ ನಕ್ಷತ್ರ. ಜಾತ್ರೆಯ ದೊಡ್ಡ ದೀಪದ ಪಕ್ಕ ಹಾರುವ ಸೊಳ್ಳೆಯನ್ನು ಮುಂದಿನ ಊರಿನಿಂದ ನೋಡು ಅಂದರೆ ಕಂಡೀತೇ? ಕಾಣದು. ಅದಕ್ಕೇ ವಿಜ್ಞಾನಿಗಳು ಸೊಳ್ಳೆಯನ್ನು ಹುಡುಕುವುದು ಬಿಟ್ಟು ದೀಪವನ್ನು ನೋಡುತ್ತಾ ಕೂರುತ್ತಾರೆ. ಗ್ರಹ ಸುತ್ತುತ್ತಾ ನಕ್ಷತ್ರದ ಎದುರಿಗೆ ಬಂದಾಗ ಬೆಳಕು ಒಂದಿಷ್ಟು ಕಡಿಮೆಯಾಗುತ್ತದೆ. ದಾಟಿ ಹೋದಮೇಲೆ ಮೊದಲಿನಂತಾಗುತ್ತದೆ. ಇದಕ್ಕೆ ಸಂಕ್ರಮಣ ಎನ್ನುತ್ತಾರೆ. ಇಷ್ಟು ದಿನಕ್ಕೊಮ್ಮೆ ತಪ್ಪದೆ ಹಾಗಾದರೆ, ಅಷ್ಟು ದಿನ ಆ ಗ್ರಹದ ಒಂದು ವರ್ಷ ಎಂದು ಲೆಕ್ಕ.

ಎಷ್ಟು ಕಡಿಮೆಯಾಗುತ್ತದೆ ಅಂತೀರಾ? ಒಂದಡಿ ಅಗಲದ ದೋಸೆ ಕಾವಲಿಯನ್ನೇ ಸೂರ್ಯ ಎಂದುಕೊಳ್ಳಿ. ಅದರ ಮೇಲೊಂದು ದೊಡ್ಡ ನಾಣ್ಯ ಇಟ್ಟರೆ ಅದು ಗುರುಗ್ರಹ. ಮುಚ್ಚಿಹೋದದ್ದು ನೂರರಲ್ಲಿ ಒಂದು ಪಾಲು. ನಮ್ಮ ಭೂಮಿಯಾದರೋ ಆ ಕಾವಲಿಯ ಮೇಲೆ ಸಾಸಿವೆ ಕಾಳಿಗಿಂತ ಕೊಂಚ ದಪ್ಪ. ಅದು ಮುಚ್ಚುವುದು ಸುಮಾರು ಹನ್ನೆರಡು ಸಾವಿರದಲ್ಲಿ ಒಂದೇ ಪಾಲು! ಅದಕ್ಕೇ ನೆಲದ ಮೇಲಿನಿಂದ ಗುರುವಿನಂಥ ದಪ್ಪ ಗ್ರಹಗಳು ಸುಲಭ, ಭೂಮಿಯಂಥವು ಬಲು ಕಷ್ಟ.

ಸೂರ್ಯನನ್ನು ಮುಚ್ಚುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. 2019ರ ಡಿಸೆಂಬರ್ 26ರ ಗ್ರಹಣದಲ್ಲಿ ಬೆಳಗಿನ ಒಂಬತ್ತೂವರೆ ಹೊತ್ತಿಗೆ ಸೂರ್ಯ ಬಹುಪಾಲು ಮುಚ್ಚಿಹೋಗಿ, ಅಂಗಳದ ಬಿಸಿಲು ಬಣ್ಣಗೆಟ್ಟದ್ದು ನಿಮಗೂ ನೆನಪಿರಬಹುದು. ಬಳೆಯಂತೆ ಕಂಡ ಸೂರ್ಯನನ್ನು ನೋಡಲು ಕೊಡಗಿನ ಕುಟ್ಟಕ್ಕೆ ಎಲ್ಲೆಲ್ಲಿಂದಲೋ ಜನ ಬಂದಿದ್ದರು. ಅದು ಚಂದ್ರನ ಆಟ. ಗ್ರಹದ ಆಟ ನಡೆದದ್ದು 2012ರ ಜೂನ್ 6ರಂದು. ಶುಕ್ರ ಸೂರ್ಯನ ಮುಖದ ಮೇಲೆ ಕಾಡಿಗೆಯ ಬೊಟ್ಟಿನಂತೆ ಹಾದುಹೋದ. "ಮುತ್ತೈದೆಯರು ನೋಡಬಾರದು" ಎಂದು ನಾನು ಒಳಗೇ ಉಳಿದೆ. ಶಾಲೆಯಲ್ಲಿ ಮೇಷ್ಟ್ರು ಕಪ್ಪು ಕನ್ನಡಕ ಕೊಟ್ಟು, ಮೋಡದ ಸಂದಿಯಲ್ಲಿ ಎರಡೇ ಎರಡು ನಿಮಿಷ ತೋರಿಸಿದರೆಂದು ನನ್ನ ಪುಟ್ಟ ಮಗಳು ಕುಣಿಯುತ್ತಾ ಬಂದಳು. ಅಂಥದ್ದು ಇನ್ನು 2117ಕ್ಕೇ ಅಂತೆ. ನಾನು ಕಳೆದುಕೊಂಡದ್ದು ಏನೆಂದು ಈಗ ಗೊತ್ತಾಗುತ್ತಿದೆ.

1874ರ ಡಿಸೆಂಬರಿನಲ್ಲೂ ಹೀಗೇ ಶುಕ್ರ ಹಾದುಹೋಗಿದ್ದ. ಆಗ ಮದರಾಸು ವೀಕ್ಷಣಾಲಯದಲ್ಲಿದ್ದ ಚಿಂತಾಮಣಿ ರಘುನಾಥಾಚಾರಿ ಎಂಬವರು, ಜನ ಹೆದರದೆ ಅರ್ಥಮಾಡಿಕೊಂಡು ನೋಡಲಿ ಎಂದು ಮುಂಚೆಯೇ ಒಂದು ಪುಸ್ತಿಕೆ ಬರೆದು, ಅದನ್ನು ಕನ್ನಡದಲ್ಲೂ ಅಚ್ಚು ಮಾಡಿಸಿದ್ದರು. ಅವರ ವಿಷಯವನ್ನು ಹುಡುಕಿ ಬರೆದವರಲ್ಲಿ ನಮ್ಮ ಬೆಂಗಳೂರಿನ ತಾರಾಲಯದಲ್ಲಿದ್ದ ಡಾ. ಬಿ.ಎಸ್. ಶೈಲಜಾ ಒಬ್ಬರು. ನೂರೈವತ್ತು ವರ್ಷದ ಹಿಂದೆಯೇ ಕನ್ನಡದಲ್ಲಿ ಹೇಳಿದ್ದರೂ ನಾನು ಒಳಗೆ ಕೂತೆನಲ್ಲ, ಯಾರನ್ನು ದೂರಲಿ?

ಹೊಸಕೋಟೆಯಲ್ಲಿ ಕೂತು ಲಡಾಖಿನ ಆಕಾಶ

ಬೇರೆ ನಕ್ಷತ್ರದ ಮುಂದೆ ಗ್ರಹ ಹಾಯುವುದನ್ನು ಮೊದಲು ಅಳೆದದ್ದು 1999ರಲ್ಲಿ. ಅಮೆರಿಕದಲ್ಲಿ ಅದನ್ನು ಕಂಡ ಒಂದು ತಂಡದವರ ಬಳಿ ಇದ್ದದ್ದು ಅಂಗೈ ಅಗಲದ, 10 ಸೆಂಟಿಮೀಟರಿನ ದೂರದರ್ಶಕ! ಅಲ್ಲಿ ಬೆಳಕು ಕುಗ್ಗಿದ್ದು ನೂರಕ್ಕೆ ಒಂದೂವರೆ ಪಾಲಿನಷ್ಟು. ದೊಡ್ಡ ಸಲಕರಣೆಗಿಂತ ಎಚ್ಚರದ ಕಣ್ಣು ದೊಡ್ಡದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನಮ್ಮವರ ಕಣ್ಣೂ ಅಂಥದ್ದೇ. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರವನ್ನು ಮರೆಮಾಡುವುದಿತ್ತು. ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರಿನಲ್ಲಿ ಜೆ.ಸಿ. ಭಟ್ಟಾಚಾರ್ಯ ಮತ್ತು ಕುಪ್ಪುಸ್ವಾಮಿಯವರು 1 ಮೀಟರಿನ ದೂರದರ್ಶಕ ಹಿಡಿದು ಕಾದಿದ್ದರು. ಗ್ರಹ ಬರುವುದಕ್ಕೆ ಮುಂಚೆಯೇ ನಕ್ಷತ್ರ ಕೆಲವು ಸೆಕೆಂಡು ಮಂಕಾಯಿತು! ಬೇರೆ ದೇಶದವರೂ ಅದನ್ನು ಕಂಡರು. ಹೀಗೆ ಯುರೇನಸ್ಸಿಗೆ ಉಂಗುರ ಇರುವುದು ಲೋಕಕ್ಕೆ ಗೊತ್ತಾಯಿತು. ಈಗ ಕಾವಲೂರಿನಲ್ಲಿ ಭಟ್ಟಾಚಾರ್ಯರ ಹೆಸರಿನದೇ 1.3 ಮೀಟರಿನ ದೂರದರ್ಶಕ ಇದೆ.

ಕಾವಲೂರನ್ನು ನೋಡಿಕೊಳ್ಳುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. ಅವರದೇ ಇನ್ನೊಂದು ದೂರದರ್ಶಕ ಲಡಾಖಿನ ಹಾನ್ಲೆಯಲ್ಲಿದೆ. ಅದು ಸಮುದ್ರಮಟ್ಟದಿಂದ ಸುಮಾರು 4500 ಮೀಟರು ಎತ್ತರದ ಜಾಗ. ಅಷ್ಟು ಎತ್ತರಕ್ಕೆ ಯಾಕೆ ಹೋಗಬೇಕು? ಹೊಳೆಯ ನೀರಿನಡಿ ಬೆಣಚುಕಲ್ಲು ಅಲುಗಾಡಿದಂತೆ ಕಾಣುವುದಿಲ್ಲವೇ? ಹಾಗೇ ಗಾಳಿಯ ಅಡಿಯಿಂದ ನೋಡುವ ನಮಗೆ ನಕ್ಷತ್ರ ಮಿಣುಗುತ್ತದೆ. ಮೇಲೆ ಹೋದಷ್ಟೂ ಗಾಳಿ ತೆಳು, ತೇವ ಕಡಿಮೆ, ಮೋಡ ಕಡಿಮೆ. ಆದರೆ ಉಸಿರಾಟ ಕಷ್ಟ. ಚಳಿಗಾಲದಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೂ ಇಳಿಯುತ್ತದಂತೆ. ಅದಕ್ಕೇ ಒಂದು ಉಪಾಯ ಮಾಡಿದ್ದಾರೆ. ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ನೆನಪಿನಲ್ಲಿ ಹಿಮಾಲಯನ್ ಚಂದ್ರ ದೂರದರ್ಶಕ ಎಂದು ಹೆಸರಿಟ್ಟ ಈ 2 ಮೀಟರಿನ ಯಂತ್ರ 2000ದಲ್ಲಿ ಮೊದಲ ಬೆಳಕು ಕಂಡಿತು. ಅದನ್ನು ನಡೆಸುವುದು ಬೆಂಗಳೂರಿನ ಪಕ್ಕದ ನಮ್ಮ ಹೊಸಕೋಟೆಯಿಂದ, ಉಪಗ್ರಹದ ಸಂಪರ್ಕದ ಮೂಲಕ! ಬಿರಿಯಾನಿಗೆ ಹೆಸರಾದ ಹೊಸಕೋಟೆಯಲ್ಲಿ ಕೂತು ರಾತ್ರಿಯಿಡೀ ಲಡಾಖಿನ ಆಕಾಶ ನೋಡುತ್ತಾರೆಂದರೆ ನಂಬುತ್ತೀರಾ?

ಹಾನ್ಲೆ ಮತ್ತು ಕಾವಲೂರಿನ ಈ ಎರಡು ದೂರದರ್ಶಕಗಳಿಂದ ಅರಿತ್ರ ಚಕ್ರವರ್ತಿ ಮತ್ತು ಸುಜನ್ ಸೇನ್‌ಗುಪ್ತ ಎಂಬ ವಿಜ್ಞಾನಿಗಳು ಐದು ಬಾಹ್ಯಗ್ರಹಗಳ ಸಂಕ್ರಮಣವನ್ನು ಅಳೆದು 2019ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಒಂದು ವಾಸ್ಪ್-12ಬಿ. ಅದರ ಒಂದು ವರ್ಷ ಅಂದರೆ ನಮ್ಮ ಸುಮಾರು 26 ಗಂಟೆ. ಅಲ್ಲಿ ನಾವಿದ್ದಿದ್ದರೆ ದಿನಬೆಳಗಾದರೆ ಯುಗಾದಿ, ಒಬ್ಬಟ್ಟು ತಟ್ಟುವುದೇ ಕೆಲಸ! ಆದರೆ ಒಲೆ ಹಚ್ಚಬೇಕಾಗಿಲ್ಲ, ಕಬ್ಬಿಣವೂ ಕರಗುವಷ್ಟು ಬಿಸಿ ಅಲ್ಲಿ.

ಇಷ್ಟು ಸಣ್ಣ ಮಂಕು ಗ್ರಹದಿಂದ ಆದದ್ದೋ, ಇಲ್ಲ ನಮ್ಮ ಮೇಲೇ ತೆಳುಮೋಡ ಹಾದದ್ದೋ ಎಂದು ಹೇಗೆ ಗೊತ್ತಾಗುತ್ತದೆ? ಇದು ನನಗೆ ಥಟ್ಟನೆ ಅರ್ಥವಾಯಿತು. ನಮ್ಮೂರಿನಲ್ಲಿ ಸಂಜೆ ವೋಲ್ಟೇಜು ಇಳಿದರೆ ನಾನು ಮೊದಲು ಮಾಡುವ ಕೆಲಸ, ಎದುರುಮನೆಯ ಬಲ್ಬು ನೋಡುವುದು. ಅವರದೂ ಮಂಕಾಗಿದ್ದರೆ ತೊಂದರೆ ಲೈನಿನದು. ನಮ್ಮದೊಂದೇ ಮಂಕಾಗಿದ್ದರೆ ನಮ್ಮ ಮನೆಯದು. ವಿಜ್ಞಾನಿಗಳೂ ಅಷ್ಟೇ, ಪಕ್ಕದ ನಕ್ಷತ್ರಗಳನ್ನು ಜೊತೆಜೊತೆಗೇ ಅಳೆಯುತ್ತಾರೆ. ಎಲ್ಲವೂ ಮಂಕಾದರೆ ಅದು ನಮ್ಮ ಗಾಳಿಯ ಕೆಲಸ, ಒಂದೇ ಮಂಕಾದರೆ ಅಲ್ಲಿ ಏನೋ ಇದೆ!

ಅಮ್ಮನೂ ಅಲುಗುತ್ತಾಳೆ

ಗ್ರಹದ ತೂಕ ತಿಳಿಯುವ ದಾರಿ ಬೇರೆ. ಮಗುವಿನ ಎರಡೂ ಕೈ ಹಿಡಿದು ಗಿರಗಿರನೆ ಸುತ್ತಿಸುವಾಗ ಮಗು ಮಾತ್ರ ಸುತ್ತುವುದಿಲ್ಲ, ಅಮ್ಮನೂ ಹಿಂದಕ್ಕೆ ವಾಲಿ ವಾಲಿ ಅಲುಗುತ್ತಾಳೆ. ಮಗು ಭಾರ ಇದ್ದಷ್ಟೂ ಹೆಚ್ಚು ವಾಲಬೇಕು. ಗ್ರಹವನ್ನು ಸುತ್ತಿಸುವ ನಕ್ಷತ್ರವೂ ಹಾಗೇ ಅಲುಗುತ್ತದೆ. ಹತ್ತಿರ ಬರುವಾಗ ಅದರ ಬೆಳಕು ಕೊಂಚ ನೀಲಿಯ ಕಡೆಗೂ, ದೂರ ಸರಿಯುವಾಗ ಕೊಂಚ ಕೆಂಪಿನ ಕಡೆಗೂ ಜರುಗುತ್ತದೆ. ಬಸ್ಸು ಎದುರಿಗೆ ಬರುವಾಗ ಹಾರನ್ನಿನ ಸದ್ದು ಕೀಚಲಾಗಿ, ದಾಟಿದಮೇಲೆ ದಪ್ಪವಾಗುವುದಿಲ್ಲವೇ, ಹಾಗೆ. 1995ರಲ್ಲಿ ಆ ಗ್ರಹ ಸಿಕ್ಕಿದ್ದೂ ಈ ವಿಧಾನದಿಂದಲೇ. ನಮ್ಮ ದೇಶದಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ರಾಜಸ್ಥಾನದ ಮೌಂಟ್ ಅಬುವಿನಲ್ಲಿ 'ಪರಸ್' ಎಂಬ ಉಪಕರಣ ಇಟ್ಟು, 1.2 ಮೀಟರಿನ ದೂರದರ್ಶಕದಿಂದ ಇದನ್ನು ಅಳೆಯುತ್ತಾ ಬಂದರು. 2018ರಲ್ಲಿ ಸುಮಾರು 600 ಜ್ಯೋತಿರ್ವರ್ಷ ದೂರದ, ಭೂಮಿಯ 27ರಷ್ಟು ತೂಕದ ಒಂದು ಗ್ರಹವನ್ನು ತೂಗಿ ತೋರಿಸಿದರು. 19 ದಿನ ಚಿಲ್ಲರೆಗೆ ಅದಕ್ಕೆ ಒಂದು ವರ್ಷ.

ಇನ್ನು ನೇರವಾಗಿ ನೋಡುವುದೂ ಉಂಟು. ಎದುರು ಬಿಸಿಲಿಗೆ ನಾವು ಹಣೆಗೆ ಕೈ ಅಡ್ಡ ಹಿಡಿದಂತೆ, ನಕ್ಷತ್ರದ ಬೆಳಕನ್ನು ತಡೆದು ಪಕ್ಕದಲ್ಲಿ ಏನಿದೆ ಎಂದು ಹುಡುಕುವುದು. ಹವಾಯಿ ದ್ವೀಪದ ದೊಡ್ಡ ದೂರದರ್ಶಕಗಳಿಂದ 2008ರಲ್ಲಿ ಒಂದೇ ನಕ್ಷತ್ರದ ಸುತ್ತ ಮೂರು ಗ್ರಹಗಳ ಚಿತ್ರವನ್ನೇ ತೆಗೆದರು.

ಬಿಭಾ ಎಂಬ ನಕ್ಷತ್ರ

ನನ್ನನ್ನು ಬಹಳ ತಟ್ಟಿದ್ದು ಒಂದು ಹೆಸರು. 2019ರಲ್ಲಿ ಜಗತ್ತಿನ ಒಂದೊಂದು ದೇಶಕ್ಕೂ ಒಂದು ನಕ್ಷತ್ರ, ಅದರ ಒಂದು ಗ್ರಹ ಕೊಟ್ಟು ನಾಮಕರಣ ಮಾಡಿ ಎಂದರು. ನಮ್ಮ ದೇಶದವರು ನಕ್ಷತ್ರಕ್ಕೆ 'ಬಿಭಾ', ಗ್ರಹಕ್ಕೆ 'ಸಂತಮಸ' ಎಂದು ಹೆಸರಿಟ್ಟರು. ಬಿಭಾ ಚೌಧುರಿ ನಮ್ಮ ದೇಶದ ವಿಜ್ಞಾನಿ. 1913ರಲ್ಲಿ ಹುಟ್ಟಿ, ಆಕಾಶದಿಂದ ಬರುವ ವಿಶ್ವಕಿರಣಗಳ ಮೇಲೆ ಜೀವಮಾನವಿಡೀ ಕೆಲಸ ಮಾಡಿದವರು. ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ನಡೆದ ಪ್ರಯೋಗಗಳಲ್ಲೂ ಭಾಗಿಯಾಗಿದ್ದವರು. 1991ರಲ್ಲಿ ತೀರಿಕೊಂಡಾಗ ಅವರ ಹೆಸರು ಕೇಳಿದ್ದವರು ಎಷ್ಟು ಜನ? ಈಗ ಅವರದೊಂದು ನಕ್ಷತ್ರ, ಅದಕ್ಕೊಂದು ಗ್ರಹ!

ಅಂಥ ಹೆಣ್ಣುಮಕ್ಕಳು ಈಗಲೂ ಇದ್ದಾರೆ. ಬೆಂಗಳೂರಿನ ಖಭೌತ ಸಂಸ್ಥೆಗೆ 2019ರಲ್ಲಿ ಅನ್ನಪೂರ್ಣಿ ಸುಬ್ರಮಣಿಯಂ ನಿರ್ದೇಶಕಿಯಾದರು. ಹಾನ್ಲೆಯ ಸುತ್ತಮುತ್ತ 2022ರಲ್ಲಿ ಕತ್ತಲಿನ ಆಕಾಶಕ್ಕೇ ಒಂದು ಸಂರಕ್ಷಿತ ಪ್ರದೇಶ ಮಾಡಿದಾಗ, ಅಲ್ಲಿನ ಹಳ್ಳಿಯ ಹೆಣ್ಣುಮಕ್ಕಳಿಗೂ ತರಬೇತಿ ಕೊಟ್ಟು ದೂರದರ್ಶಕ ಒಪ್ಪಿಸಿದರು. ಬಂದ ಪ್ರವಾಸಿಗಳಿಗೆ ಅವರೇ ಆಕಾಶ ತೋರಿಸಿ ನಾಲ್ಕು ಕಾಸು ಸಂಪಾದಿಸುತ್ತಾರೆ. ಅಷ್ಟೇಕೆ, 2014ರ ಸೆಪ್ಟೆಂಬರ್ 24ರಂದು ನಮ್ಮ ಮಂಗಳಯಾನ ಕುಜನನ್ನು ಮುಟ್ಟಿದಾಗ, ಬೆಂಗಳೂರಿನಲ್ಲಿ ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದ ಹೆಂಗಸರು ನಕ್ಕ ಫೋಟೋ ಎಲ್ಲ ಪತ್ರಿಕೆಯಲ್ಲೂ ಬಂದಿತ್ತಲ್ಲ! ನನ್ನ ಮದುವೆ ತಪ್ಪಿಸಿದ ಕುಜನ ಮನೆಬಾಗಿಲನ್ನು ಅವರು ತಟ್ಟಿ ಬಂದರು.

ಮನೆಯಲ್ಲೇ ಮಾಡಿ ನೋಡಿ

ಬೇಕಾಗುವ ಸಾಮಾನು: ಒಂದು ಎಲ್‌ಇಡಿ ಬಲ್ಬು, ಒಂದು ಹಾಳೆ ಬೆಣ್ಣೆ ಕಾಗದ, ಒಂದು ನಿಂಬೆಹಣ್ಣು, ಒಂದು ಬಟಾಣಿ ಕಾಳು, ದಾರ, ಬೆಳಕು ಅಳೆಯುವ ಆ್ಯಪ್ ಹಾಕಿದ ಮೊಬೈಲು.

ವಿಧಾನ: ಕೋಣೆ ಕತ್ತಲು ಮಾಡಿ. ಬಲ್ಬಿನ ಮುಂದೆ ಬೆಣ್ಣೆ ಕಾಗದ ಕಟ್ಟಿ. ಮೂರು ನಾಲ್ಕು ಅಡಿ ದೂರದಲ್ಲಿ ಮೊಬೈಲನ್ನು ಅಲುಗದಂತೆ ನಿಲ್ಲಿಸಿ, ತೋರಿಸುವ ಸಂಖ್ಯೆ ಬರೆದುಕೊಳ್ಳಿ. ಈಗ ದಾರಕ್ಕೆ ಕಟ್ಟಿದ ನಿಂಬೆಹಣ್ಣನ್ನು ಕಾಗದದ ಮುಂದೆ ನಿಧಾನವಾಗಿ ಹಾಯಿಸಿ. ಸಂಖ್ಯೆ ಇಳಿದು ಮತ್ತೆ ಏರುತ್ತದೆ. ಆಮೇಲೆ ಬಟಾಣಿ ಹಾಯಿಸಿ. ಇಳಿದದ್ದು ಕಂಡರೂ ಕಂಡಿತು, ಇಲ್ಲದಿದ್ದರೂ ಇಲ್ಲ. ವಿಜ್ಞಾನಿಗಳ ಕಷ್ಟ ಆಗ ಗೊತ್ತಾಗುತ್ತದೆ. ಮಕ್ಕಳನ್ನು ಬೆಂಗಳೂರಿನ ನೆಹರು ತಾರಾಲಯಕ್ಕೋ, ಮಂಗಳೂರಿನ ಪಿಲಿಕುಳದ ತಾರಾಲಯಕ್ಕೋ ಒಮ್ಮೆ ಕರೆದುಕೊಂಡು ಹೋಗಿ. ಸೂರ್ಯನನ್ನು ಮಾತ್ರ ಎಂದೂ ಬರಿಗಣ್ಣಿನಿಂದ ನೋಡಗೊಡಬೇಡಿ.

ಈ ನಿಂಬೆಹಣ್ಣಿನ ಆಟವನ್ನು ಅವತ್ತು ನಮ್ಮ ನಡುಮನೆಯಲ್ಲಿ ಮಾಡಿದೆವು. ಅತ್ತೆಯವರು ಗೋಡೆಗೆ ಒರಗಿ ನೋಡುತ್ತಿದ್ದರು.

"ಅಲ್ಲ ಕಣಮ್ಮಿ, ಕಣ್ಗೆ ಕಾಣ್ದೇ ಇರೋ ಗ್ರಹನ ಹೆಂಗೆ ಕಂಡುಹಿಡಿದ್ರು ಅವ್ರು?" ಅಂದರು.

"ದೀಪ ಒಂಚೂರು ಮಂಕಾಗೋದನ್ನ ನೋಡಿ ಕಂಡುಹಿಡಿದ್ರು, ಅತ್ತೆ" ಅಂದೆ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಎಲೆಅಡಿಕೆ ಹಾಕಿಕೊಂಡು, ಮೊಮ್ಮಗಳ ಕಡೆ ನೋಡಿ, ಆಮೇಲೆ ಮಗನನ್ನು ಕರೆದರು.

"ಮಗೀನ ಮುಕ ಆ ಜಾತ್ಕ ನೋಡ್ಸಿದ್ ದಿನದಿಂದ ಬಾಡೋಗೈತೆ ಕಣಪ್ಪ. ಓದ್ಲಿ ಬುಡು. ಎಲ್ಡು ವರ್ಸ ಕಾದ್ರೆ ಕುಜ ಏನ್ ಓಡೋಗನಾ?"

ಯಜಮಾನರು ಮರುದಿನವೇ ಎಂ.ಎಸ್ಸಿ. ಅರ್ಜಿಯ ಹಣ ಕಟ್ಟಿದರು. ಅತ್ತೆಯವರ ಸಮಾಧಾನಕ್ಕೆ ಎಲ್ಲರೂ ಚಿಕ್ಕದೇವಮ್ಮನ ಬೆಟ್ಟಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದೆವು. ಜಾತಕವನ್ನು ಟ್ರಂಕಿನ ತಳದಲ್ಲಿ, ನನ್ನದರ ಪಕ್ಕದಲ್ಲೇ ಇಟ್ಟಿದ್ದೇನೆ. ಮುಂದೆ ಸೀಟು ಸಿಗಬೇಕು, ಹಾಸ್ಟೆಲು ಸಿಗಬೇಕು, ಎರಡು ವರ್ಷ ಆದಮೇಲೆ ಏನೆಂಬ ಚಿಂತೆ ನನಗೂ ಇದ್ದೇ ಇದೆ. ಆದರೆ ಆ ಚಿಂತೆಗೆ ಕುಜನನ್ನು ಹೊಣೆ ಮಾಡುವುದನ್ನು ಬಿಟ್ಟಿದ್ದೇನೆ.

ಸಿಂಹ ರಾಶಿಯ ಮಖಾ ನಕ್ಷತ್ರ ಗೊತ್ತಲ್ಲ? ಬೇಸಿಗೆಯ ಸಂಜೆ ನೆತ್ತಿಯ ಕಡೆಗೆ ಕಾಣುತ್ತದೆ. ಅದರ ದಕ್ಷಿಣಕ್ಕೆ, ಬರಿಗಣ್ಣಿಗೆ ಏನೂ ಕಾಣದ ಕಪ್ಪು ಜಾಗದಲ್ಲಿ ಬಿಭಾ ಇದ್ದಾಳೆ ಎಂದು ಮಗಳು ತೋರಿಸಿದಳು. ಈಗ ಕರೆಂಟು ಹೋದರೆ ನಾನು ಗೊಣಗುವುದಿಲ್ಲ. ಒಲೆಯ ಮೇಲಿದ್ದುದನ್ನು ಇಳಿಸಿಟ್ಟು, ಅತ್ತೆಯವರ ಕೈಹಿಡಿದು ತಾರಸಿಗೆ ಹತ್ತಿಸುತ್ತೇನೆ.